ಸ್ಕೇರ್ ಗ್ಲೋ ಕೊಳ್ಳುವ ಮುಂಚೆ ಕತ್ತಲಲ್ಲಿ ನೋಡಿ

ಕಲಬುರಗಿಯಲ್ಲಿ ಒಬ್ಬರು ಸ್ಕೇರ್ ಗ್ಲೋ (ಹೀ-ಮ್ಯಾನ್ ಅನ್ನೋ ಅಮೆರಿಕದ ಆಟಿಕೆ ಸರಣಿಯ, ಕತ್ತಲಲ್ಲಿ ಹೊಳೆಯುವ ಹಳೆಯ ಗೊಂಬೆ) ಮಾರುತ್ತಿದ್ದಾರೆ, ಅದರ ಕೇಪ್ (ಬೆನ್ನಿಗೆ ಹೊದಿಸುವ ಬಟ್ಟೆ) ಮತ್ತು ಕೊಡಲಿ ಎರಡೂ ಇವೆ, ಒರಿಜಿನಲ್ಲಾ ಅಂತ ಕೇಳಿದ್ದೀರಿ. ಫೋಟೋ ನೋಡಿ ಹೇಳೋಕೆ ಆಗಲ್ಲ ರೀ. ಬೀದರ್‌ನಿಂದ ರೈಲು ಹತ್ತಿ ಬಂದು ಕೈಯಲ್ಲಿ ಹಿಡಿದು ನೋಡಿ.

ಹೀ-ಮ್ಯಾನ್ ಗೊಂಬೆಗಳು 1982ರಲ್ಲಿ ಶುರುವಾದವು, ಸ್ಕೇರ್ ಗ್ಲೋ ಬಂದಿದ್ದು 1987ರಲ್ಲಿ. ಅಷ್ಟೊತ್ತಿಗೆ ಅಮೆರಿಕದಲ್ಲಿ ಮಾರಾಟ ಬಿದ್ದುಹೋಗಿತ್ತು. ಅದಕ್ಕೇ ಕೊನೆಯ ವರ್ಷಗಳವು ಇಷ್ಟು ಅಪರೂಪ. 1988ರ ಲೇಸರ್ ಪವರ್ ಹೀ-ಮ್ಯಾನ್ ಅಂತೂ ಅಮೆರಿಕದ ಅಂಗಡಿಗೇ ಬರಲಿಲ್ಲ, ಯುರೋಪಿನಲ್ಲಷ್ಟೇ ಮಾರಿದರು.

ಗೊಂಬೆಗಿಂತ ಕೊಡಲಿ, ಕೇಪ್ ಮೇಲೆ ಅನುಮಾನ ಜಾಸ್ತಿ ಇರಲಿ. ಇವುಗಳ ನಕಲು ಧಾರಾಳವಾಗಿ ಸಿಗುತ್ತವೆ. ಮೊಬೈಲ್ ಟಾರ್ಚ್ ಸ್ವಲ್ಪ ಹೊತ್ತು ಹಿಡಿದು, ಆಮೇಲೆ ಲೈಟ್ ಆರಿಸಿ. ಮೈ, ಕೊಡಲಿ ಎರಡೂ ಹೊಳೆಯಬೇಕು. ಮೈ ಮಂಕಾಗಿದ್ದು ಕೊಡಲಿ ಮಾತ್ರ ಟ್ಯೂಬ್‌ಲೈಟ್ ಥರ ಉರಿದರೆ, ಕೊಡಲಿ ಹೊಸದಿರಬಹುದು. ಹಾಗಿದ್ದರೆ ಬರೀ ಗೊಂಬೆಯ ರೇಟು ಕೇಳಿ. ಮಾರುವವರು ಲೈಟ್ ಆರಿಸೋಕೇ ಒಪ್ಪದಿದ್ದರೆ ಸುಮ್ನೆ ವಾಪಸ್ ಬನ್ನಿ.

ಸೊಂಟ ತಿರುಗಿಸಿ ಬಿಡಿ, ಒಳಗಿನ ಸ್ಪ್ರಿಂಗ್‌ನಿಂದ ತಾನೇ ಹಿಂದಕ್ಕೆ ಬರಬೇಕು. ಕಾಲು ಜೋತಾಡಿದರೆ ಹೆದರಬೇಡಿ. ಒಳಗೆ ಕಾಲು ಹಿಡಿದಿರುವ ರಬ್ಬರ್ ಸಡಿಲವಾಗಿರುತ್ತದೆ, ಹಳೆಯವುಗಳಲ್ಲಿ ಇದು ಮಾಮೂಲು, ಸರಿಮಾಡಬಹುದು. ಆದರೆ ಅದೇ ನೆಪ ಹೇಳಿ ಚೌಕಾಸಿ ಮಾಡಿ!

ಮನೆಗೆ ತಂದ ಮೇಲೆ ತಗಡಿನ ಶೀಟಿನ ಕೆಳಗೆ ಇಡಬೇಡಿ. ನಮ್ಮ ಕಡೆ ಮೇ ತಿಂಗಳ ಬಿಸಿಲು ಗೊತ್ತಲ್ವಾ? ಬಿಗಿ ಪ್ಲಾಸ್ಟಿಕ್ ಕವರಿನಲ್ಲೂ ಬೇಡ, ಮೆತ್ತನೆ ಪ್ಲಾಸ್ಟಿಕ್ ಅಂಟಂಟಾಗುತ್ತದೆ. ಗೋಡೆಯ ಅಲಮಾರಿನಲ್ಲಿ, ಕಿಟಕಿಯಿಂದ ದೂರ ನಿಲ್ಲಿಸಿ.