ಸಂಪಾದಕರ ಉತ್ತರ: ಏಳು ಜನ ಬಂದ ರಾತ್ರಿ, ಆಮೇಲಿನ ದಾರಿ

ಪ್ರಿಯ ಓದುಗರೇ,

ಹೆಸರು ಹಾಕಬೇಡಿ ಎಂದು ಕೇಳಿದ್ದೀರಿ, ಹಾಕಿಲ್ಲ. ಬೇರೆ ಓದುಗರಿಗಾಗಿ ನಿಮ್ಮ ಪತ್ರದ ಸಾರ ಇಷ್ಟು. ನೀವು ನಾಲ್ಕು ಜನರ ರಾಕ್ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುತ್ತೀರಿ. ವ್ಯಾನ್ ಓಡಿಸುವುದೂ ನೀವೇ, ಖರ್ಚಿನ ಲೆಕ್ಕ ಬರೆಯುವುದೂ ನೀವೇ. ಮೊದಲ ಟೂರ್ ಮುಗಿಸಿ ಬಂದಿದ್ದೀರಿ. ಒಂದು ಷೋ ಹಿಂದಿನ ದಿನ ರದ್ದಾಯಿತು. ಇನ್ನೊಂದು ಕಡೆ ವ್ಯಾನಿನಿಂದ ಗಿಟಾರಿಸ್ಟ್ ಅವರ ಪೆಡಲ್ ಬೋರ್ಡ್ (ಗಿಟಾರ್ ಸದ್ದು ಬದಲಿಸುವ ಪೆಡಲ್‌ಗಳ ಹಲಗೆ) ಕಳುವಾಯಿತು. ಕೊನೆಯ ರಾತ್ರಿ ಬಂದವರು ಏಳು ಜನ. ಅವರಲ್ಲಿ ಇಬ್ಬರು ನಿಮಗಿಂತ ಮೊದಲು ನುಡಿಸಿದ ತಂಡದವರೇ. "ಇಷ್ಟೇ ಜನಾನಾ?" ಎಂದು ನಿಮ್ಮ ಗಾಯಕರು ಮೈಕಿನಲ್ಲೇ ಕೇಳಿಬಿಟ್ಟರು. ಈಗ ಡ್ರಮ್ಮರ್ ಬಿಟ್ಟುಹೋಗುತ್ತೇನೆ ಎನ್ನುತ್ತಿದ್ದಾರೆ. "ಇದೆಲ್ಲ ಬೇಕಾ? ಮುಂದುವರಿಯಬೇಕಾ, ನಿಲ್ಲಿಸಬೇಕಾ?" ಎಂಬುದು ನಿಮ್ಮ ಪ್ರಶ್ನೆ. ನಾವು ದೊಡ್ಡ ತಂಡಗಳ ಕಥೆಯನ್ನೇ ಬರೆಯುತ್ತೇವೆ ಎಂದೂ ದೂರಿದ್ದೀರಿ.

ಪತ್ರದ ನಡುವೆ ಇನ್ನೊಂದು ಸಾಲಿದೆ. "ಅವತ್ತು ರಾತ್ರಿ ಒಂದಕ್ಕೆ ಹೊರಟೆವು. ಬೆಳಗಿನ ಜಾವ ಎರಡು ಸಲ ಕಣ್ಣು ಮುಚ್ಚಿಹೋಯಿತು, ಪುಣ್ಯಕ್ಕೆ ರಸ್ತೆ ಖಾಲಿ ಇತ್ತು." ಇಷ್ಟು ಬರೆದು ಮುಂದಿನ ಸಾಲಿಗೇ ಪೆಡಲ್ ಬೋರ್ಡ್ ಬೆಲೆಗೆ ಹೋಗಿದ್ದೀರಿ. ನನಗೆ ಮುಂದೆ ಹೋಗಲು ಆಗಲಿಲ್ಲ. ಏಳು ಜನರ ವಿಷಯ ಆಮೇಲೆ ಮಾತಾಡೋಣ. ನಿಮ್ಮ ಟೂರಿನಲ್ಲಿ ನಿಜಕ್ಕೂ ಕೆಟ್ಟದ್ದು ನಡೆದಿದ್ದರೆ ಅದು ಆ ರಸ್ತೆಯಲ್ಲಿ.

ಆ ದಿನ ಬೆಳಿಗ್ಗೆ ಎಂಟಕ್ಕೆ ಎದ್ದು ಸಾಮಾನು ತುಂಬಿದಿರಿ ಎಂದು ಬರೆದಿದ್ದೀರಿ. ಎಂಟರಿಂದ ರಾತ್ರಿ ಒಂದರವರೆಗೆ ಹದಿನೇಳು ಗಂಟೆ. ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ ಎಂಬ ಸಂಶೋಧಕರು 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹದಿನೇಳು ಗಂಟೆ ಎಚ್ಚರವಿದ್ದವರ ಕೈ ಕಣ್ಣುಗಳ ಹೊಂದಾಣಿಕೆ, ರಕ್ತದಲ್ಲಿ 0.05 ಶೇಕಡಾ ಮದ್ಯ ಇರುವವರಷ್ಟೇ ಕುಗ್ಗಿತ್ತು. ಅಂದರೆ ನೀವು ವ್ಯಾನಿನ ಕೀ ತಿರುಗಿಸಿದ ಹೊತ್ತಿಗೇ, ಒಂದು ತೊಟ್ಟು ಕುಡಿಯದೆ, ಆ ಸ್ಥಿತಿಯಲ್ಲಿ ಇದ್ದಿರಿ. ಹಿಂದೆ ಮೂರು ಜನ ಮಲಗಿದ್ದರು. ಬೆಳಗಾಗುವ ಹೊತ್ತಿಗೆ ಇಪ್ಪತ್ತೆರಡು, ಇಪ್ಪತ್ತಮೂರು ಗಂಟೆ ಆಗಿತ್ತು.

ರಾಕ್ ಸಂಗೀತದ ಚರಿತ್ರೆಯಲ್ಲಿ ಈ ದಾರಿ ಎಷ್ಟು ಜನರನ್ನು ನುಂಗಿದೆ ಎಂದು ಲೆಕ್ಕ ಹಾಕಲು ಹೋದರೆ ಎದೆ ಭಾರವಾಗುತ್ತದೆ. 1959ರ ಚಳಿಗಾಲದಲ್ಲಿ ರಾಕ್ ಗಾಯಕ ಬಡ್ಡಿ ಹಾಲಿ ಮತ್ತು ಜೊತೆಗಾರರು ಅಮೆರಿಕದ ಮಧ್ಯಭಾಗದಲ್ಲಿ ಟೂರ್ ಮಾಡುತ್ತಿದ್ದರು. 24 ದಿನ, 24 ಊರು. ಊರುಗಳನ್ನು ನಕ್ಷೆ ನೋಡಿ ಜೋಡಿಸಿರಲಿಲ್ಲ, ಒಂದು ರಾತ್ರಿ ಈ ಮೂಲೆ, ಮರುರಾತ್ರಿ ಆ ಮೂಲೆ. ಬಸ್ಸುಗಳು ಕೆಟ್ಟು ನಿಲ್ಲುತ್ತಿದ್ದವು, ಹೀಟರ್ ಕೆಲಸ ಮಾಡುತ್ತಿರಲಿಲ್ಲ. ಡ್ರಮ್ಮರ್ ಕಾರ್ಲ್ ಬಂಚ್ ಅವರ ಪಾದಗಳು ಹಿಮದ ಚಳಿಗೆ ಮರಗಟ್ಟಿ ಆಸ್ಪತ್ರೆ ಸೇರಬೇಕಾಯಿತು. ಇನ್ನೊಂದು ರಾತ್ರಿ ಆ ಬಸ್ಸಿನಲ್ಲಿ ಕೂರುವುದು ಬೇಡ, ಮೊದಲೇ ಹೋಗಿ ಸ್ವಲ್ಪ ನಿದ್ದೆ ಮಾಡೋಣ, ಬಟ್ಟೆ ಒಗೆಸೋಣ ಎಂದು ಹಾಲಿ ಕ್ಲಿಯರ್ ಲೇಕ್‌ನ ಷೋ ಮುಗಿಸಿ ಸಣ್ಣ ವಿಮಾನ ಗೊತ್ತು ಮಾಡಿದರು. ಫೆಬ್ರವರಿ 3ರ ನಸುಕಿನಲ್ಲಿ ಅದು ಬಿತ್ತು. ಹಾಲಿ, ಜೊತೆಗಿದ್ದ ಗಾಯಕರಾದ ರಿಚಿ ವ್ಯಾಲೆನ್ಸ್ ಮತ್ತು ಬಿಗ್ ಬಾಪರ್, ಪೈಲಟ್ ಯಾರೂ ಉಳಿಯಲಿಲ್ಲ. ಎಲ್ಲರೂ ಆ ವಿಮಾನದ ಬಗ್ಗೆ ಮಾತಾಡುತ್ತಾರೆ. ನಾನಂತೂ ಆ ಟೂರ್ ಪಟ್ಟಿಯ ಬಗ್ಗೆ ಯೋಚಿಸುತ್ತೇನೆ. ಯಾರೋ ಮೇಜಿನ ಮುಂದೆ ಕೂತು ತಾರೀಖು ತುಂಬಿಸಿದರು, ಊರುಗಳ ನಡುವಿನ ಗಂಟೆಗಳನ್ನು ಎಣಿಸಲಿಲ್ಲ.

ಮೆಟಾಲಿಕಾ ತಂಡದ ಬೇಸ್ ವಾದಕ ಕ್ಲಿಫ್ ಬರ್ಟನ್ 1986ರ ಸೆಪ್ಟೆಂಬರ್ 27ರಂದು ತೀರಿಕೊಂಡದ್ದೂ ಹೀಗೇ ಒಂದು ಬೆಳಗಿನ ಜಾವ. ಸ್ಟಾಕ್‌ಹೋಮ್‌ನಲ್ಲಿ ನುಡಿಸಿ ಕೋಪನ್‌ಹೇಗನ್ ಕಡೆ ಹೊರಟಿದ್ದ ಬಸ್ಸು ಸ್ವೀಡನ್‌ನಲ್ಲಿ ಮಗುಚಿತು. ಆಗಲೇ ಅವರು ದೊಡ್ಡ ತಂಡ. ಚಾಲಕರು ಬೇರೆ ಇದ್ದರು, ಮಲಗಲು ಜಾಗ ಇತ್ತು. ನಿಮ್ಮ ಹತ್ತಿರ ಅದೂ ಇಲ್ಲ. ದಿನವಿಡೀ ಸಾಮಾನು ಹೊತ್ತವರೇ ನುಡಿಸಿ, ನುಡಿಸಿದವರೇ ರಾತ್ರಿ ಗಾಡಿ ಓಡಿಸುವ ಕ್ರಮ ಸಣ್ಣ ತಂಡಗಳಲ್ಲಿ ಮಾಮೂಲಿ ಆಗಿಬಿಟ್ಟಿದೆ. ಅದನ್ನು ಶೌರ್ಯ ಎಂದು ಹೇಳಿಕೊಳ್ಳುವವರೂ ಇದ್ದಾರೆ. ದಯವಿಟ್ಟು ಅವರ ಮಾತು ಕೇಳಬೇಡಿ.

ಆದ್ದರಿಂದ ನನ್ನ ಮೊದಲ ಉತ್ತರ: ನುಡಿಸಿದ ರಾತ್ರಿ ಗಾಡಿ ಓಡಿಸಬೇಡಿ. ಇದಕ್ಕೆ ವಿನಾಯಿತಿ ಇಟ್ಟುಕೊಳ್ಳಬೇಡಿ. ಷೋ ಒಪ್ಪಿಕೊಳ್ಳುವಾಗಲೇ ಮಲಗಲು ಜಾಗ ಕೊಡುತ್ತೀರಾ ಎಂದು ಕೇಳಿ. ಯಾರದ್ದೋ ಮನೆಯ ಹಜಾರವಾದರೂ ಸಾಕು. ಇಲ್ಲ ಎಂದರೆ ರೂಮಿನ ದುಡ್ಡನ್ನು ಪೆಟ್ರೋಲ್ ದುಡ್ಡಿನ ಜೊತೆಗೇ ಬರೆದುಕೊಳ್ಳಿ, ಉಳಿದರೆ ನೋಡೋಣ ಎಂಬ ಸಾಲಿಗೆ ಹಾಕಬೇಡಿ. ಅಷ್ಟು ಗಿಟ್ಟದ ಷೋ ಬಿಟ್ಟುಬಿಡಿ. ಇನ್ನೊಬ್ಬರು ಡ್ರೈವಿಂಗ್ ಕಲಿಯಲಿ. ಮುಂದಿನ ಸೀಟಿನಲ್ಲಿ ಯಾವಾಗಲೂ ಒಬ್ಬರು ಎಚ್ಚರವಾಗಿರಲಿ.

ಈಗ ಆ ಏಳು ಜನ.

ಇಂಥ ಪತ್ರಗಳಿಗೆ ಬೀಟಲ್ಸ್ ಕಥೆ ಹೇಳಿ ಸಮಾಧಾನ ಮಾಡುವುದು ರೂಢಿ. 1961ರ ಡಿಸೆಂಬರ್ 9ರಂದು ಇಂಗ್ಲೆಂಡಿನ ಆಲ್ಡರ್‌ಶಾಟ್ ಎಂಬ ಊರಿನಲ್ಲಿ ಅವರು ನುಡಿಸಿದಾಗ ಬಂದವರು 18 ಜನ. ನಿಜವಾದ ಸಂಗತಿ. ಆದರೆ ಅದನ್ನು ಸಮಾಧಾನಕ್ಕೆ ಹೇಳುವುದು ನನಗೆ ಸರಿ ಕಾಣುವುದಿಲ್ಲ. ಹದಿನೆಂಟು ಜನರ ಮುಂದೆ ನುಡಿಸಿ ಆಮೇಲೆ ಯಾರಿಗೂ ಗೊತ್ತಾಗದೆ ಹೋದ ತಂಡಗಳು ಸಾವಿರಾರು. ಅವರ ಕಥೆ ಯಾರೂ ಹೇಳುವುದಿಲ್ಲ ಅಷ್ಟೇ. ಖಾಲಿ ಕೋಣೆಯಲ್ಲಿ ನುಡಿಸಿದವರೆಲ್ಲ ಮೇಲೆ ಬರುತ್ತಾರೆ ಎಂದು ನಿಮಗೆ ಆಸೆ ಹುಟ್ಟಿಸಿದರೆ ಅದು ಮೋಸ.

ಆಲ್ಡರ್‌ಶಾಟ್‌ನಿಂದ ಕಲಿಯಬೇಕಾದ್ದು ಬೇರೆ ಇದೆ. ಅವತ್ತು ಜನ ಬರದಿರಲು ಕಾರಣ ಸಂಗೀತ ಅಲ್ಲ. ಸ್ಥಳೀಯ ಪತ್ರಿಕೆಯಲ್ಲಿ ಬರಬೇಕಿದ್ದ ಜಾಹೀರಾತು ಬರಲಿಲ್ಲ, ಊರಿಗೆ ವಿಷಯವೇ ಗೊತ್ತಾಗಲಿಲ್ಲ. ನಿಮ್ಮ ಏಳು ಜನರ ಹಿಂದೆಯೂ ಇಂಥದ್ದೇ ಸಾದಾ ಕಾರಣ ಇದೆಯಾ? ಪೋಸ್ಟರ್ ಹಾಕಿದ್ದರಾ? ಸಮಯ ಬದಲಾಗಿದ್ದರೆ ಅದು ಎಲ್ಲರಿಗೂ ತಿಳಿದಿತ್ತಾ? ಅದೇ ರಾತ್ರಿ ಪಕ್ಕದಲ್ಲಿ ದೊಡ್ಡ ಕಾರ್ಯಕ್ರಮ ಏನಾದರೂ ಇತ್ತಾ? ಆ ಜಾಗದವರಿಗೆ ಫೋನ್ ಮಾಡಿ ಕೇಳಿ. "ನಮ್ಮ ಹಾಡು ಚೆನ್ನಾಗಿಲ್ಲ" ಎಂಬ ತೀರ್ಮಾನಕ್ಕೆ ಆ ರಾತ್ರಿಯೊಂದೇ ಸಾಕ್ಷಿ ಆಗುವುದಿಲ್ಲ. ಆ ಏಳು ಜನರಲ್ಲಿ ಎಷ್ಟು ಜನ ಕೊನೆಯವರೆಗೆ ನಿಂತರು, ಅದನ್ನು ನೋಡಿ. ಅದು ಹೇಳುವಷ್ಟು ಬಂದವರ ಸಂಖ್ಯೆ ಹೇಳುವುದಿಲ್ಲ.

"ಇಷ್ಟೇ ಜನಾನಾ?" ಎಂಬ ಮಾತಿನ ಬಗ್ಗೆ ನಿಮ್ಮ ಗಾಯಕರಿಗೆ ಒಂದು ವಿನಂತಿ. ಬೇಜಾರಾಗಿತ್ತು, ಬಾಯಿಗೆ ಬಂತು, ಅರ್ಥವಾಗುತ್ತದೆ. ಆದರೆ ಆ ಮಾತು ಕೇಳಿಸಿಕೊಂಡವರು ಬಂದ ಏಳು ಜನ. ಬರದವರ ಮೇಲಿನ ಸಿಟ್ಟು ಬಂದವರ ತಲೆಯ ಮೇಲೆ ಬಿತ್ತು. ಸಣ್ಣ ಷೋಗಳಲ್ಲಿ ಇದಕ್ಕಿಂತ ದೊಡ್ಡ ನಷ್ಟ ನಾನು ಕಂಡಿಲ್ಲ. ಆ ಏಳು ಜನರಲ್ಲಿ ಒಬ್ಬರು ಮುಂದಿನ ಸಲ ನಾಲ್ಕು ಗೆಳೆಯರನ್ನು ಕರೆದುಕೊಂಡು ಬರಬಹುದಿತ್ತು. ಮೊದಲು ನುಡಿಸಿದ ತಂಡದ ಆ ಇಬ್ಬರು ನಿಮ್ಮನ್ನು ತಮ್ಮ ಊರಿಗೆ ಕರೆಯಬಹುದಿತ್ತು. ಸಣ್ಣ ತಂಡಗಳಿಗೆ ಮುಂದಿನ ಷೋ ಸಿಗುವುದು ಹೆಚ್ಚಾಗಿ ಇನ್ನೊಂದು ಸಣ್ಣ ತಂಡದಿಂದಲೇ, ಅಲ್ವಾ? ಅವರು ಉಳಿದು ನಿಮ್ಮನ್ನು ಕೇಳಿದರಲ್ಲ, ಅದೇ ದೊಡ್ಡ ಉಪಕಾರ. ಅವರಿಗೆ ಈಗಲಾದರೂ ಒಂದು ಥ್ಯಾಂಕ್ಸ್ ಹೇಳಿ.

ಖಾಲಿ ಕೋಣೆಯಲ್ಲಿ ನುಡಿಸುವುದು ಬೇರೆಯದೇ ಕೆಲಸ, ಅದನ್ನು ಕಲಿಯಬೇಕು. "ಸೌಂಡ್ ಪೂರ್ತಿ ಕಲಸಿಹೋಗಿತ್ತು" ಎಂದು ಬರೆದಿದ್ದೀರಿ. ಸಹಜ. ಜನರ ಮೈ, ಬಟ್ಟೆ ಸದ್ದನ್ನು ಹೀರುತ್ತವೆ, ಅದರಲ್ಲೂ ಡ್ರಮ್ಮಿನ ಲೋಹದ ತಟ್ಟೆಯಾದ ಸಿಂಬಲ್‌ನಂಥ ಚೂಪು ಸದ್ದನ್ನು. ಜನ ಇಲ್ಲದಿದ್ದರೆ ಅದು ಗೋಡೆಯಿಂದ ಗೋಡೆಗೆ ಬಡಿದು ವಾಪಸ್ ಬರುತ್ತದೆ, ಹಾಡಿನ ಮಾತು ಅದರಲ್ಲಿ ಮುಳುಗುತ್ತದೆ. ಆಗ ಗಿಟಾರಿಸ್ಟ್ ತನಗೆ ಕೇಳಿಸುತ್ತಿಲ್ಲ ಎಂದು ಆಂಪ್ (ಗಿಟಾರ್ ಸದ್ದು ಹೆಚ್ಚಿಸುವ ಪೆಟ್ಟಿಗೆ) ಏರಿಸುತ್ತಾರೆ. ಅದನ್ನು ಮೀರಿಸಲು ಡ್ರಮ್ಮರ್ ಜೋರಾಗಿ ಬಾರಿಸುತ್ತಾರೆ. ಮಾನಿಟರ್, ಅಂದರೆ ನುಡಿಸುವವರಿಗೇ ಕೇಳಿಸಲು ಇಟ್ಟ ಸ್ಪೀಕರ್, ಏರಿಸಿದರೆ ಫೀಡ್‌ಬ್ಯಾಕ್ ಕೂಗುತ್ತದೆ. ಇದರ ಮದ್ದು ಉಲ್ಟಾ ದಿಕ್ಕಿನಲ್ಲಿದೆ. ಮೊದಲು ಗಾಯಕರ ದನಿ ಸ್ಪಷ್ಟ ಮಾಡಿಕೊಳ್ಳಿ. ಉಳಿದದ್ದೆಲ್ಲ ಅದರ ಕೆಳಗೆ ಕೂರುವಷ್ಟು ಇಳಿಸಿ. ಆಂಪ್ ಮೊಣಕಾಲಿಗೆ ಹೊಡೆಯುವಂತೆ ಇಡಬೇಡಿ, ಹಿಂದಕ್ಕೆ ಓರೆ ಮಾಡಿ ನಿಮ್ಮ ಕಿವಿಗೆ ತಿರುಗಿಸಿ. ಅರ್ಧ ದನಿಯಲ್ಲೇ ಕೇಳಿಸುತ್ತದೆ. ಡ್ರಮ್ಮರ್ ದಪ್ಪ ಕೋಲು ಬಿಟ್ಟು ತೆಳು ಕಡ್ಡಿಗಳ ಕಟ್ಟು ಬಳಸಲಿ. ಜನ ಹಿಂದಿನ ಗೋಡೆಗೆ ಒರಗಿ ನಿಂತಿದ್ದರೆ ಹತ್ತಿರ ಬನ್ನಿ ಎಂದು ಕರೆಯಿರಿ, ಬರದಿದ್ದರೆ ನೀವೇ ವೇದಿಕೆ ಇಳಿದು ಅವರ ಮುಂದೆ ನಿಂತು ನುಡಿಸಿ. ಏಳು ಜನರ ಕಣ್ಣು ನೋಡುತ್ತಾ ನುಡಿಸಲು ಧೈರ್ಯ ಬೇಕು. ಬಂದರೆ ಆ ಧೈರ್ಯ ಎಲ್ಲಿಗಾದರೂ ನಿಮ್ಮ ಜೊತೆ ಬರುತ್ತದೆ.

ಬೀಟಲ್ಸ್ ವಿಷಯ ಎತ್ತಿದ್ದೇನೆ, ಇನ್ನೊಂದು ಮಾತು. ಆ ತಂಡವನ್ನು ಗಟ್ಟಿ ಮಾಡಿದ್ದು ಊರೂರು ಸುತ್ತಾಟ ಅಲ್ಲ. 1960ರಲ್ಲಿ ಹ್ಯಾಂಬರ್ಗ್‌ಗೆ ಹೋದವರು ತಿಂಗಳುಗಟ್ಟಲೆ ಅದೇ ಊರಿನಲ್ಲಿ, ಒಂದೆರಡು ಕ್ಲಬ್ಬುಗಳಲ್ಲೇ ರಾತ್ರಿ ರಾತ್ರಿ ಗಂಟೆಗಟ್ಟಲೆ ನುಡಿಸಿದರು. ಮಲಗುತ್ತಿದ್ದದ್ದು ಒಂದು ಸಿನಿಮಾ ಮಂದಿರದ ಪರದೆಯ ಹಿಂದಿನ ಕೋಣೆಯಲ್ಲಿ. ಕಷ್ಟ ಬೇಕಾದಷ್ಟಿತ್ತು. ಆದರೆ ನುಡಿಸಿದ ಮೇಲೆ ಇನ್ನೂರು ಮೈಲಿ ಗಾಡಿ ಓಡಿಸಬೇಕಿರಲಿಲ್ಲ. ಇದನ್ನು ನೀವು ನಿಮ್ಮ ಅಳತೆಗೆ ತಂದುಕೊಳ್ಳಬಹುದು. ಹತ್ತು ಊರಿಗೆ ಒಂದೊಂದು ಸಲ ಹೋಗುವ ಬದಲು, ಹತ್ತಿರದ ಮೂರು ಜಾಗ ಆರಿಸಿ, ಎರಡು ತಿಂಗಳಿಗೊಮ್ಮೆ ಅಲ್ಲಿಗೇ ಮತ್ತೆ ಹೋಗಿ. ಅದೇ ಮುಖಗಳು ಮತ್ತೆ ಕಾಣಿಸಿದರೆ ನಿಮ್ಮ ದಾರಿ ಸರಿ ಇದೆ. ಮೂರನೇ ಸಲವೂ ಯಾರೂ ಮರಳಿ ಬರದಿದ್ದರೆ ಆಗ ಹಾಡುಗಳ ಬಗ್ಗೆ ಯೋಚಿಸಿ.

ಕಳುವಾದ ಪೆಡಲ್ ಬೋರ್ಡ್ ಬಗ್ಗೆ ಹೆಚ್ಚು ಹೇಳಲಾರೆ. 1999ರಲ್ಲಿ ಸೋನಿಕ್ ಯೂತ್ ತಂಡದ ಟ್ರಕ್ಕೇ ಕಳುವಾಗಿ, ಬೇರೆ ಬೇರೆ ಹಾಡಿಗೆ ಬೇರೆ ಬೇರೆ ಶ್ರುತಿ ಮಾಡಿಟ್ಟ ಗಿಟಾರ್‌ಗಳೆಲ್ಲ ಹೋದವು. ಅವುಗಳಲ್ಲಿ ಕೆಲವು ಎಷ್ಟೋ ವರ್ಷಗಳ ಮೇಲೆ ಸಿಕ್ಕವು. ಪ್ರತಿ ವಾದ್ಯದ ಫೋಟೊ ಮತ್ತು ಸೀರಿಯಲ್ ನಂಬರ್ ಇಟ್ಟುಕೊಳ್ಳಿ, ರಾತ್ರಿ ವ್ಯಾನಿನಲ್ಲಿ ಏನೂ ಬಿಡಬೇಡಿ. ಮಲಗಲು ಜಾಗ ಇದ್ದರೆ ವಾದ್ಯಗಳೂ ಒಳಗೆ ಮಲಗುತ್ತವೆ. ರದ್ದಾದ ಷೋ ವಿಷಯದಲ್ಲಿ ಇಷ್ಟೇ: ಹಿಂದಿನ ದಿನ ರದ್ದು ಮಾಡಿದರೆ ಪ್ರಯಾಣದ ಖರ್ಚು ಕೊಡಬೇಕು ಎಂದು ಮೊದಲೇ ಬರಹದಲ್ಲಿ ಒಪ್ಪಿಸಿಕೊಳ್ಳಿ. ಎಲ್ಲರೂ ಒಪ್ಪುವುದಿಲ್ಲ. ಒಪ್ಪದವರು ಯಾರು ಎಂದು ಗೊತ್ತಾಗುವುದೂ ಲಾಭವೇ.

ಡ್ರಮ್ಮರ್ ಬಿಡುತ್ತೇನೆ ಎಂದರು ಎಂದಿದ್ದೀರಿ. ಯಾಕೆ ಎಂದು ಬರೆದಿಲ್ಲ. ಕೇಳಿದ್ದೀರಾ? ಏಳು ಜನ ಬಂದರು ಎಂದೇ ಇರಬೇಕೆಂದಿಲ್ಲ. ದುಡ್ಡಿನ ವಿಷಯ ಇರಬಹುದು. ಹಿಂದಿನ ಸೀಟಿನಲ್ಲಿ ಕಣ್ಣು ಬಿಟ್ಟಾಗ ಗಾಡಿ ವಾಲಿದ್ದು ಕಂಡಿರಬಹುದು. ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ನಿಲ್ಲದೆ ಹೆದರಿರಬಹುದು. ಡ್ರಮ್ಮರ್‌ಗಳಿಗೆ ಇದು ಜಾಸ್ತಿ. ಕೆಲಸದ ಜಾಗದ ಆರೋಗ್ಯ ನೋಡುವ ಅಮೆರಿಕದ ನಿಯೋಶ್ ಎಂಬ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ಕೇಳಬಹುದು. ಮುಂದೆ ಪ್ರತಿ 3 ಡೆಸಿಬೆಲ್‌ಗೆ ಆ ಸಮಯ ಅರ್ಧವಾಗುತ್ತದೆ. 100 ಡೆಸಿಬೆಲ್ ಆದರೆ ಬರೀ 15 ನಿಮಿಷ. ನಿಮ್ಮ ಒಂದು ಸೆಟ್ ಇದಕ್ಕಿಂತ ಉದ್ದ. ನಾಲ್ಕೂ ಜನ ಇಯರ್ ಪ್ಲಗ್ ಹಾಕಿ.

ಕೇಳದೆ ಬಿಟ್ಟ ಮಾತು ವ್ಯಾನಿನೊಳಗೆ ಉಳಿದುಬಿಡುತ್ತದೆ. ರಮೋನ್ಸ್ ತಂಡ 1996ರವರೆಗೆ 2,200ಕ್ಕೂ ಹೆಚ್ಚು ಷೋ ಮಾಡಿತು. ಆದರೆ ಅದರ ಗಾಯಕ ಜೋಯಿ ಮತ್ತು ಗಿಟಾರಿಸ್ಟ್ ಜಾನಿ ವರ್ಷಗಟ್ಟಲೆ ಪರಸ್ಪರ ಮಾತಿಲ್ಲದೆ ಜೊತೆಯಲ್ಲೇ ಓಡಾಡಿದರು. ಹಾಗೂ ಮುಂದುವರಿಯಬಹುದು. ನಿಮಗೆ ಆ ಬಾಳು ಬೇಡ ಎಂದು ನನ್ನ ಆಸೆ. ಮುಂದಿನ ಟೂರ್ ಬಗ್ಗೆ ಮಾತೆತ್ತುವ ಮೊದಲು ಡ್ರಮ್ಮರ್ ಜೊತೆ ಒಬ್ಬರೇ ಕೂತು ಕೇಳಿ, ಉತ್ತರ ಪೂರ್ತಿ ಮುಗಿಯುವವರೆಗೆ ಸುಮ್ನೆ ಇರಿ. ಟೂರ್ ಬೇಡ, ತಂಡ ಬೇಕು ಎಂದರೆ ಅದನ್ನು ಗೌರವಿಸಿ. 1966ರ ಆಗಸ್ಟ್ 29ರ ಸ್ಯಾನ್ ಫ್ರಾನ್ಸಿಸ್ಕೊ ಷೋ ನಂತರ ಬೀಟಲ್ಸ್ ಟೂರ್ ನಿಲ್ಲಿಸಿ ಸ್ಟುಡಿಯೋ ಸೇರಿದರು. ತುಂಬಿದ ಸ್ಟೇಡಿಯಂಗಳೂ ಅವರನ್ನು ದಣಿಸಿದ್ದವು. ತಂಡವೂ ಬೇಡ ಎಂದರೆ ಲೆಕ್ಕ ತೀರಿಸಿ, ಕೈ ಕುಲುಕಿ ಕಳಿಸಿ.

ನಿಲ್ಲಿಸಬೇಕಾ ಎಂದು ಕೇಳಿದ್ದೀರಿ. ಸಂಗೀತ ನಿಲ್ಲಿಸಬೇಡಿ. ಈ ಬಗೆಯ ಟೂರ್ ನಿಲ್ಲಿಸಿ. ದೊಡ್ಡ ತಂಡಗಳ ಕಥೆಯನ್ನೇ ಬರೆಯುತ್ತೀರಿ ಎಂಬ ನಿಮ್ಮ ಮಾತಿಗೂ ಉತ್ತರ ಇದೆ: ಮುಂದಿನ ಸಂಚಿಕೆಯಿಂದ ಒಂದು ಪುಟ ಸಣ್ಣ ಷೋಗಳಿಗೆ ಮೀಸಲು. ತಾರೀಖು, ಜಾಗ, ಸಮಯ, ಜೊತೆಗೆ ನುಡಿಸುವ ತಂಡದ ಹೆಸರು ಕಳಿಸಿದರೆ ಹಾಕುತ್ತೇವೆ. ಆ ರಾತ್ರಿ ಎಲ್ಲಿ ಮಲಗುತ್ತೀರಿ ಎಂಬುದನ್ನೂ ನನಗೆ ಬರೆದು ತಿಳಿಸಿ. ಅದನ್ನು ಅಚ್ಚು ಹಾಕುವುದಿಲ್ಲ.

- ಸಂಪಾದಕ