ಲಾಂದ್ರ, ಕಂದೀಲು, ಚಿಮಣಿ: ಬೆಳಕಿನ ಪದಗಳ ನಂಟು

ಪ್ರಶ್ನೆ: ಮಗಳು ಆರ್ಕಿಟೆಕ್ಚರ್ ಓದುತ್ತಿದ್ದಾಳೆ. ಗುಮ್ಮಟದ ನೆತ್ತಿಯ ಮೇಲಿರುವ ಸಣ್ಣ ಗೋಪುರವನ್ನು ಅವಳ ಪುಸ್ತಕದಲ್ಲಿ ‘ಲ್ಯಾಂಟರ್ನ್’ ಎಂದು ಕರೆದಿದ್ದಾರೆ. ನಿಘಂಟು ತೆಗೆದು ನೋಡಿದರೆ ಮೀನಿಗೂ ಹುಳಕ್ಕೂ ಇದೇ ಹೆಸರಿದೆ. ಹಳೆಯ ಇಂಗ್ಲಿಷ್ ಪುಸ್ತಕದಲ್ಲಿ ‘ಲ್ಯಾಂಟ್‌ಹಾರ್ನ್’ ಅಂತಲೂ ಕಂಡಿತು. ಇವೆಲ್ಲ ಒಂದೇ ಪದವಾ? ನಮ್ಮ ಲಾಂದ್ರ, ಕಂದೀಲು ಕೂಡ ಅಲ್ಲಿಂದಲೇ ಬಂದವಾ?

ಉತ್ತರ: ಕಂದೀಲನ್ನು ಬಿಟ್ಟರೆ ಮಿಕ್ಕವೆಲ್ಲ ಒಂದೇ ಪದ. ಕಂದೀಲಿನ ಮನೆತನವೇ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಗ್ರೀಕ್ ಭಾಷೆಯಲ್ಲಿ ‘ಲಾಂಪೈನ್’ ಅಂದರೆ ಹೊಳೆಯುವುದು. ಅದರಿಂದ ಹುಟ್ಟಿದ ಒಂದು ಪದ ಲ್ಯಾಟಿನ್ನಿಗೆ ಹೋಗಿ ‘ಲಾಂಟೆರ್ನ’ ಆಯಿತು. ಅಲ್ಲಿಂದ ಫ್ರೆಂಚಿಗೆ, ಫ್ರೆಂಚಿನಿಂದ ಇಂಗ್ಲಿಷಿಗೆ ಬಂತು. ‘ಲ್ಯಾಂಪ್’ ಪದದ ಬೇರೂ ಅದೇ. ಹಾಗಿದ್ದರೂ ಇವೆರಡರ ಕೆಲಸ ಬೇರೆ ಬೇರೆ. ಲ್ಯಾಂಪ್ ಅಂದರೆ ದೀಪ. ಲ್ಯಾಂಟರ್ನ್ ಅಂದರೆ ಗಾಳಿಗೆ ಆರದ ಹಾಗೆ, ಬೆಳಕು ಮಾತ್ರ ಹೊರಗೆ ಬರುವ ಹಾಗೆ ದೀಪಕ್ಕೆ ಕಟ್ಟಿದ ಗೂಡು. ಈ ‘ಗೂಡು’ ಅನ್ನುವುದನ್ನು ಹಿಡಿದುಕೊಂಡರೆ ನಿಮ್ಮನ್ನು ಗೊಂದಲ ಮಾಡಿದ ಅರ್ಥಗಳಲ್ಲಿ ಮುಕ್ಕಾಲು ಪಾಲು ತಾವೇ ಬಿಡಿಸಿಕೊಳ್ಳುತ್ತವೆ.

ಮಗಳ ಪುಸ್ತಕದ ಲ್ಯಾಂಟರ್ನ್ ಇಂಥ ಗೂಡೇ. ಸುತ್ತಲೂ ಕಿಟಕಿ, ಮೇಲೊಂದು ಮುಚ್ಚಳ. ವ್ಯತ್ಯಾಸ ಇಷ್ಟೇ, ಇಲ್ಲಿ ಬೆಳಕು ಒಳಗಿನಿಂದ ಹೊರಗೆ ಬರುವುದಿಲ್ಲ, ಹೊರಗಿನಿಂದ ಒಳಗೆ ಇಳಿಯುತ್ತದೆ. ಇಂಗ್ಲೆಂಡಿನ ಈಲಿ ಕೆಥೀಡ್ರಲ್‌ನ ಲ್ಯಾಂಟರ್ನ್ ಚಿತ್ರವನ್ನು ಮಗಳಿಗೆ ತೋರಿಸಿ. 1322ರಲ್ಲಿ ಅಲ್ಲಿನ ನಡುಗೋಪುರ ಕುಸಿದುಬಿತ್ತು. ಆ ಜಾಗದಲ್ಲಿ ಎಂಟು ಮೂಲೆಯ ಕಟ್ಟಡ ಎಬ್ಬಿಸಿ, ಅದರ ನೆತ್ತಿಯ ಮೇಲೆ ಓಕ್ ಮರದ ಲ್ಯಾಂಟರ್ನ್ ಕೂರಿಸಿದರು. ಕೆಲಸ ಮುಗಿಯಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಕೆಳಗೆ ನಿಂತು ಕತ್ತೆತ್ತಿದರೆ ನಕ್ಷತ್ರದ ಹಾಗೆ ಕಾಣುತ್ತದೆ. ಲೈಟ್‌ಹೌಸಿನ ತುದಿಯಲ್ಲಿರುವ ಗಾಜಿನ ಕೋಣೆಗೂ ಲ್ಯಾಂಟರ್ನ್ ಎಂದೇ ಹೆಸರು.

ಇನ್ನು ‘ಲ್ಯಾಂಟ್‌ಹಾರ್ನ್’. ನನಗೆ ತುಂಬಾ ಇಷ್ಟವಾದ ಪದ ಇದು. ಗಾಜು ದುಬಾರಿಯಾಗಿದ್ದ ಕಾಲದಲ್ಲಿ ದನದ ಕೊಂಬನ್ನು ನೆನೆಸಿ, ಬಿಸಿ ಮಾಡಿ, ಒತ್ತಿ, ತೆಳ್ಳಗೆ ಹೆರೆದು ಲಾಂದ್ರದ ಕಿಟಕಿಗೆ ಹಾಕುತ್ತಿದ್ದರು. ಅದರಿಂದ ಬೆಳಕು ಮಂದವಾಗಿ ಹಾಯುತ್ತದೆ. ಕೊಂಬಿಗೆ ಇಂಗ್ಲಿಷಿನಲ್ಲಿ ‘ಹಾರ್ನ್’ ಅಂತಾರಲ್ಲ, ಹಾಗಾಗಿ ಲ್ಯಾಂಟರ್ನ್ ಪದದ ಕೊನೆಯಲ್ಲಿರುವುದು ಈ ಹಾರ್ನೇ ಎಂದು ಜನ ನಂಬಿದರು, ಹಾಗೇ ಬರೆಯತೊಡಗಿದರು. 16ನೇ ಶತಮಾನದಿಂದ ಮುನ್ನೂರು ವರ್ಷ ಈ ಕಾಗುಣಿತ ನಡೆಯಿತು. ಷೇಕ್ಸ್‌ಪಿಯರನ ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ ನಾಟಕದಲ್ಲಿ ಚಂದ್ರನ ಪಾತ್ರದವನು ಲಾಂದ್ರ ಹಿಡಿದು ರಂಗಕ್ಕೆ ಬಂದಾಗ, ಬಿದಿಗೆ ಚಂದ್ರನ ಕೊಂಬನ್ನೂ ಲಾಂದ್ರದ ಕೊಂಬನ್ನೂ ಸೇರಿಸಿ ಮಾತಿನ ಆಟ ನಡೆಯುತ್ತದೆ. ಪದದ ಮೂಲ ತಪ್ಪು, ವಸ್ತು ಮಾತ್ರ ನಿಜ. ಅದಕ್ಕೇ ನಾನು ಯಾವಾಗಲೂ ಹೇಳುತ್ತಿರುತ್ತೇನೆ, ಕಿವಿಗೆ ಹೊಂದಿತು ಅಂತ ಪದದ ಮೂಲ ತೀರ್ಮಾನ ಮಾಡಬೇಡಿ. ಆದರೆ ಅಂಥ ತಪ್ಪನ್ನು ಸುಮ್ನೆ ಬಿಸಾಡಲೂ ಬೇಡಿ. ಅದರೊಳಗೆ ಆ ಕಾಲದ ಮನೆಯೊಂದು ಕಾಣುತ್ತದೆ.

ಕೊಂಬಿನ ಲಾಂದ್ರ ಗ್ರೀಕರಿಗೂ ಗೊತ್ತಿತ್ತು. ಸಮುದ್ರದಲ್ಲಿ ಮುಳ್ಳುಚೆಂಡಿನ ಹಾಗಿರುವ ಸೀ ಅರ್ಚಿನ್ ಎಂಬ ಜೀವಿಯನ್ನು ಅರಿಸ್ಟಾಟಲ್ ಇಂಥ ಲಾಂದ್ರಕ್ಕೆ ಹೋಲಿಸಿದ್ದ. ಸುತ್ತಲಿನ ಕೊಂಬಿನ ಹಾಳೆ ತೆಗೆದರೆ ಉಳಿಯುವ ಚೌಕಟ್ಟಿನ ಹಾಗೆ ಅಂತ. ಅದರ ಐದು ಹಲ್ಲಿನ ಬಾಯಿಗೆ ಪ್ರಾಣಿಶಾಸ್ತ್ರದಲ್ಲಿ ಇವತ್ತಿಗೂ ‘ಅರಿಸ್ಟಾಟಲನ ಲ್ಯಾಂಟರ್ನ್’ ಎನ್ನುತ್ತಾರೆ. ಅವನು ಹೇಳಿದ್ದು ಬಾಯಿಯನ್ನಲ್ಲ, ಇಡೀ ಚಿಪ್ಪನ್ನು ಎಂಬ ವಾದವೂ ಇದೆ.

ಲ್ಯಾಂಟರ್ನ್ ಮೀನು ನಿಜವಾಗಿಯೂ ಮಿನುಗುತ್ತದೆ. ಲ್ಯಾಂಟರ್ನ್ ಹುಳ ಮಿನುಗುವುದಿಲ್ಲ. ದಕ್ಷಿಣ ಅಮೆರಿಕದ ಈ ಹುಳದ ಉದ್ದ ಮೂತಿ ಬೆಳಕು ಕೊಡುತ್ತದೆ ಎಂದು ಮರಿಯಾ ಸಿಬಿಲ್ಲಾ ಮೆರಿಯನ್ ಎಂಬ ಚಿತ್ರಗಾರ್ತಿ 1705ರ ತನ್ನ ಪುಸ್ತಕದಲ್ಲಿ ಬರೆದಿದ್ದರು. ಅದು ಸುಳ್ಳು ಎಂದು ಗೊತ್ತಾದ ಮೇಲೂ ಹೆಸರು ಹೋಗಲಿಲ್ಲ.

ಈಗ ನಮ್ಮ ಮನೆಗೆ ಬರೋಣ. ಲಾಂದ್ರ, ಲಾಟೀನು ಎರಡೂ ಲ್ಯಾಂಟರ್ನ್ ಪದವೇ ನಮ್ಮ ಬಾಯಲ್ಲಿ ಹೊರಳಿ ಆದವು. ಕಂದೀಲು ಬಂದ ದಾರಿ ಬೇರೆ. ಅರಬ್ಬಿಯಲ್ಲಿ ‘ಕಿಂದೀಲ್’, ಅದಕ್ಕೂ ಹಿಂದೆ ಗ್ರೀಕ್, ಅದಕ್ಕೂ ಹಿಂದೆ ಲ್ಯಾಟಿನ್ನಿನ ‘ಕಾಂಡೇಲ’. ಅಂದರೆ ಇಂಗ್ಲಿಷಿನ ಕ್ಯಾಂಡಲ್ ನಮ್ಮ ಕಂದೀಲಿಗೆ ಅಣ್ಣತಮ್ಮ. ಈ ಲ್ಯಾಟಿನ್ ಪದದ ಬೇರಿಗೆ ಬೆಳ್ಳಗೆ ಹೊಳೆಯುವುದು ಎಂಬ ಅರ್ಥ. ರೋಮ್‌ನಲ್ಲಿ ಚುನಾವಣೆಗೆ ನಿಂತವರು ಸುಣ್ಣದ ಪುಡಿ ತಿಕ್ಕಿ ಬೆಳ್ಳಗೆ ಮಾಡಿದ ಬಟ್ಟೆ ಹೊದ್ದು ಓಡಾಡುತ್ತಿದ್ದರು, ‘ಕ್ಯಾಂಡಿಡೇಟ್’ ಹುಟ್ಟಿದ್ದು ಹಾಗೆ. ಅದಕ್ಕಿಂತ ಸೊಗಸಾದ ಸಂಗತಿ ಇನ್ನೊಂದಿದೆ. ಸಂಸ್ಕೃತದ ‘ಚಂದ್ರ’ ಕೂಡ ಇದೇ ಬೇರಿನದು. ದೀಪಾವಳಿಯಲ್ಲಿ ಬಾಗಿಲಿಗೆ ಆಕಾಶ ಕಂದೀಲು ಕಟ್ಟುವಾಗ ಆಕಾಶದ ಚಂದ್ರನ ನಂಟನನ್ನೇ ಕಟ್ಟಿದ ಹಾಗಾಯಿತು, ಅಲ್ವಾ? ಕರಾವಳಿಯಲ್ಲಿ ಅದನ್ನೇ ಗೂಡುದೀಪ ಎನ್ನುತ್ತಾರೆ. ಲ್ಯಾಂಟರ್ನ್ ಪದಕ್ಕೆ ಇದಕ್ಕಿಂತ ಒಳ್ಳೆಯ ಕನ್ನಡ ನನಗಂತೂ ಸಿಕ್ಕಿಲ್ಲ.

ಪ್ರಶ್ನೆ: ನಮ್ಮೂರಲ್ಲಿ ಸೀಮೆಎಣ್ಣೆಗೆ ಚಿಮಣಿ ಎಣ್ಣೆ ಅನ್ನುತ್ತಾರೆ. ಹೊಗೆ ಹೋಗುವ ಚಿಮಣಿಗೂ ಇದಕ್ಕೂ ಏನು ಸಂಬಂಧ? ಟಾರ್ಚಿಗೆ ‘ಬ್ಯಾಟರಿ’ ಅಂದರೆ ಮೊಮ್ಮಕ್ಕಳು ತಿದ್ದುತ್ತಾರೆ. ಅದು ತಪ್ಪಾ?

ಉತ್ತರ: ಸಂಬಂಧ ಗಟ್ಟಿಯಾಗಿಯೇ ಇದೆ. ಗ್ರೀಕಿನ ‘ಕಾಮಿನೋಸ್’ ಅಂದರೆ ಕುಲುಮೆ. ಅದು ಲ್ಯಾಟಿನ್, ಫ್ರೆಂಚ್ ದಾಟಿ ಇಂಗ್ಲಿಷಿನಲ್ಲಿ ಚಿಮ್ನಿ ಆಯಿತು. ಅಲ್ಲೂ ಮೊದಲು ಬೆಂಕಿಗೂಡನ್ನೇ ಹಾಗೆ ಕರೆಯುತ್ತಿದ್ದರು, ಆಮೇಲೆ ಹೊಗೆ ಕೊಳವೆಗೆ ಆ ಹೆಸರು ಅಂಟಿತು. 1780ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಆರ್ಗಾಂಡ್ ತನ್ನ ಹೊಸ ದೀಪಕ್ಕೆ ಕೊಳವೆಯಂಥ ಗಾಜು ಕೂರಿಸಿದ. ಆ ಕೊಳವೆ ಗಾಳಿಯನ್ನು ಕೆಳಗಿನಿಂದ ಎಳೆಯುತ್ತದೆ, ಉರಿ ಜಾಸ್ತಿಯಾಗುತ್ತದೆ, ಹೊಗೆ ಕಡಿಮೆಯಾಗುತ್ತದೆ. ಮನೆಯ ಚಿಮ್ನಿ ಮಾಡುವ ಕೆಲಸವೇ ಇದು. ಹಾಗಾಗಿ ದೀಪದ ಗಾಜಿಗೂ ಚಿಮ್ನಿ ಎಂದೇ ಹೆಸರಾಯಿತು. ನಮ್ಮಲ್ಲಿ ಆ ಹೆಸರು ಗಾಜಿನಿಂದ ದೀಪಕ್ಕೆ ಹೋಯಿತು, ದೀಪದಿಂದ ಎಣ್ಣೆಗೂ ಹೋಯಿತು. ತಗಡಿನ ಸಣ್ಣ ಚಿಮಣಿ ಬುಡ್ಡಿಗೆ ಗಾಜೇ ಇರುವುದಿಲ್ಲ, ಬರೀ ಬತ್ತಿ. ಚಿಮಣಿ ಇಲ್ಲದ ದೀಪಕ್ಕೂ ಚಿಮಣಿ ಅನ್ನುವಷ್ಟು ಆ ಪದ ನಮ್ಮದಾಗಿಹೋಗಿದೆ.

‘ಬ್ಯಾಟರಿ’ ತಪ್ಪಲ್ಲ, ಮೊಮ್ಮಕ್ಕಳಿಗೆ ಧೈರ್ಯವಾಗಿ ಹೇಳಿ. ಆ ಪದದ ಬೇರು ‘ಹೊಡೆಯುವುದು’. ಸಾಲಾಗಿ ನಿಲ್ಲಿಸಿದ ಫಿರಂಗಿಗಳಿಗೆ ಬ್ಯಾಟರಿ ಎನ್ನುತ್ತಿದ್ದರು. 1740ರ ದಶಕದ ಕೊನೆಯಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ವಿದ್ಯುತ್ ತುಂಬಿಡುವ ಗಾಜಿನ ಜಾಡಿಗಳನ್ನು ಸಾಲಾಗಿ ಜೋಡಿಸಿ ಅದಕ್ಕೆ ಈ ಹೆಸರಿಟ್ಟ. ಟಾರ್ಚಿನೊಳಗೆ ಒಂದರ ಹಿಂದೆ ಒಂದು ಸೆಲ್ ಹಾಕುತ್ತೇವಲ್ಲ, ಆ ಸಾಲೇ ಬ್ಯಾಟರಿ. ಒಳಗಿನ ವಸ್ತುವಿನ ಹೆಸರಿನಿಂದ ಇಡೀ ಸಾಧನವನ್ನು ಕರೆದಿರಿ, ಅಷ್ಟೇ.

ಇನ್ನು ಟಾರ್ಚ್ ಪದದ ಮೂಲ ಲ್ಯಾಟಿನ್ನಿನ ‘ಹೊಸೆ, ತಿರುಚು’ ಎಂಬ ಪದದಲ್ಲಿದೆ. ನಾರನ್ನೋ ಹುಲ್ಲನ್ನೋ ಹೊಸೆದು, ಮೇಣದಲ್ಲಿ ಅದ್ದಿ ಹಚ್ಚುತ್ತಿದ್ದರು. ಕೋಲಿಗೆ ಬಟ್ಟೆ ಸುತ್ತಿ, ಎಣ್ಣೆಯಲ್ಲಿ ಅದ್ದಿ ಮಾಡುವ ನಮ್ಮ ಪಂಜಿನ ಹಾಗೆ.

ಲಾಂದ್ರದ ಗಾಜನ್ನು ಸಂಜೆ ಹೊತ್ತು ಬೂದಿ ಹಾಕಿ ಒರೆಸಿದ ನೆನಪು ಇರುವವರು ಇನ್ನೂ ನಮ್ಮ ನಡುವೆ ಇದ್ದಾರೆ. ಆ ಗಾಜಿಗೆ, ಬತ್ತಿ ಏರಿಸುವ ತಿರುಗಣೆಗೆ, ಹಿಡಿಯುವ ಕಂಬಿಗೆ ನಿಮ್ಮ ಮನೆಯಲ್ಲಿ ಏನು ಹೆಸರಿತ್ತು? ಊರಿನ ಹೆಸರಿನ ಜೊತೆ ಬರೆದು ಕಳಿಸಿ.