ಎಲ್‌ಸಿಇ ಪಟ್ಟಿ ಕುಗ್ಗದೆ ಬಾಗುತ್ತಿರುವುದಕ್ಕೆ ಪ್ರತಿಕ್ರಿಯೆ

ನಿಮ್ಮ ಎಲ್‌ಸಿಇ (ಲಿಕ್ವಿಡ್ ಕ್ರಿಸ್ಟಲ್ ಇಲಾಸ್ಟೊಮರ್, ಅಂದರೆ ದ್ರವಹರಳಿನ ಅಣುಗಳಿರುವ ರಬ್ಬರಿನಂಥ ವಸ್ತು) ಪಟ್ಟಿ ಬಿಸಿ ಮಾಡಿದಾಗ ಉದ್ದದಲ್ಲಿ ಕುಗ್ಗುವ ಬದಲು ಸುರುಳಿಯಾಗುತ್ತಿದೆ, ಮೊದಲಿನಂತಾಗಲು ತುಂಬ ಹೊತ್ತು ಹಿಡಿಯುತ್ತಿದೆ ಎಂದಿದ್ದೀರಿ. ರಾಸಾಯನಿಕಗಳ ಅಳತೆ ತಪ್ಪಿದೆ ಎಂಬ ನಿಮ್ಮ ಅನುಮಾನ ನನಗೆ ಸರಿ ಕಾಣುತ್ತಿಲ್ಲ. ಅಳತೆ ತಪ್ಪಿ ಅಣುಗಳ ಜೋಡಣೆಯೇ ಆಗಿರದಿದ್ದರೆ ಪಟ್ಟಿ ಹೆಚ್ಚುಕಡಿಮೆ ಸುಮ್ಮನೆ ಬಿದ್ದಿರುತ್ತಿತ್ತು.

ಇದರಲ್ಲಿ ಕಡ್ಡಿಯಂಥ ಅಣುಗಳು ಒಂದೇ ದಿಕ್ಕಿಗೆ ನಿಂತು, ಪಾಲಿಮರ್ ಸರಪಳಿಗಳನ್ನೂ ಅತ್ತಲೇ ಎಳೆದಿಟ್ಟಿರುತ್ತವೆ. ಹೀಗೆ ಒಂದೇ ದಿಕ್ಕಿಗೆ ನಿಂತ ಈ ನೆಮ್ಯಾಟಿಕ್ ಸ್ಥಿತಿ ಕಳೆಯುವಷ್ಟು ಬಿಸಿಯಾದರೆ ಅಣುಗಳು ಚೆಲ್ಲಾಪಿಲ್ಲಿಯಾಗುತ್ತವೆ, ಸರಪಳಿಗಳು ಮುದುಡುತ್ತವೆ. ಪಟ್ಟಿ ಉದ್ದದಲ್ಲಿ ಕುಗ್ಗಿ ಅಡ್ಡಕ್ಕೆ ಹಿಗ್ಗುತ್ತದೆ. ಎರಡೂ ಮೈ ಸಮನಾಗಿ ಕುಗ್ಗಿದರೆ ನೇರ ಎಳೆತ. ಒಂದು ಮೈ ಹೆಚ್ಚು ಕುಗ್ಗಿದರೆ ನಿಮಗೆ ಕಾಣುತ್ತಿರುವ ಸುರುಳಿ.

ಹಾಟ್ ಪ್ಲೇಟ್ ಮೇಲೆ ಇಟ್ಟಿದ್ದೀರಾದರೆ ಬಿಸಿ ಒಂದೇ ಕಡೆಯಿಂದ ಬರುತ್ತಿದೆ. ತುದಿಗೆ ಸಣ್ಣ ತೂಕ ಕಟ್ಟಿ ಓವನ್ನಿನೊಳಗೆ ನೇತುಹಾಕಿ ನೋಡಿ. ಆಗಲೂ ತಿರುಚಿಕೊಂಡರೆ ತಪ್ಪು ಎಳೆದ ಪಟ್ಟಿಯನ್ನು ಯುವಿ (ನೇರಳಾತೀತ) ಬೆಳಕಿನಿಂದ ಗಟ್ಟಿ ಮಾಡುವ ಹಂತದ್ದು: ಬೆಳಕು ಮೇಲ್ಪದರದಲ್ಲೇ ಹೀರಿಹೋಗಿ, ಎಳೆದು ಹಿಡಿದ ಜೋಡಣೆ ಅಲ್ಲಿ ಮಾತ್ರ ಗಟ್ಟಿಯಾಗಿ ಕೂತಿರುತ್ತದೆ. ಎಳೆದ ಸ್ಥಿತಿಯಲ್ಲೇ ಪಟ್ಟಿಯನ್ನು ಮಗುಚಿ, ಎರಡೂ ಕಡೆಗೆ ಸಮನಾಗಿ ಬೆಳಕು ಕೊಡಿ. ಫೋಟೋಇನಿಷಿಯೇಟರ್ (ಬೆಳಕು ಹೀರಿ ಗಟ್ಟಿಯಾಗುವ ಕ್ರಿಯೆ ಶುರುಮಾಡುವ ರಾಸಾಯನಿಕ) ತುಸು ಕಡಿಮೆ ಮಾಡಿದರೂ ಬೆಳಕು ಆಳಕ್ಕಿಳಿಯುತ್ತದೆ.

ನಿಧಾನದ ವಿಷಯಕ್ಕೆ ಪೂರ್ತಿ ಮದ್ದಿಲ್ಲ. 1997ರಲ್ಲಿ ಇದನ್ನು ಕೃತಕ ಸ್ನಾಯುವಾಗಿ ಮುಂದಿಟ್ಟ ಫ್ರೆಂಚ್ ಭೌತವಿಜ್ಞಾನಿ ಪಿಯೆರ್-ಜಿಲ್ ದ ಜೆನ್ ಕೂಡ 'ಅರೆವೇಗದ' ಸ್ನಾಯು ಎಂದೇ ಕರೆದಿದ್ದರು! ಒಳಗಿನ ಬಿಸಿ ಮೇಲ್ಮೈಗೆ ಬರುವ ಸಮಯ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಆದ್ದರಿಂದ ತೆಳುವಾಗಿ ಎರೆಯಿರಿ. ಬಲ ಹೆಚ್ಚು ಬೇಕಿದ್ದರೆ ದಪ್ಪ ಪಟ್ಟಿಗಿಂತ ಹಲವು ತೆಳು ಪಟ್ಟಿಗಳನ್ನು ನಡುವೆ ಜಾಗ ಬಿಟ್ಟು ಕಟ್ಟಿ, ಫ್ಯಾನ್ ಗಾಳಿ ಬಿಡಿ. ತುದಿಗೆ ಕಟ್ಟಿದ ತೂಕವನ್ನೂ ತೆಗೆಯಬೇಡಿ, ತಣಿಯುವಾಗ ಪಟ್ಟಿಯನ್ನು ಮತ್ತೆ ಉದ್ದಕ್ಕೆ ಎಳೆಯಲು ಅದು ನೆರವಾಗುತ್ತದೆ.